ಕೆಸರು ಕಡಲಿಗೆ ನೀಲಿ ಅಂಗಿ

ಕಡಲು ಯಾವ ಬಣ್ಣಕ್ಕಿದೆ ಎಂದು ತೋರಿಸುವುದಕ್ಕಾಗಿ ಬೆಳೆದ ಮನುಷ್ಯನೊಬ್ಬನನ್ನು ಕೋಟೆಗೋಡೆಯ ಮೇಲಕ್ಕೆ ಕರೆದೊಯ್ಯಬೇಕಾದೀತೆಂದು ಬೇಹಿನ ದೋಣಿಯ ನಾಯಕ ತಮ್ಮೋನಿಯಸ್ ತನ್ನ ಇಪ್ಪತ್ತಮೂರು ವರ್ಷದ ಸೇವೆಯಲ್ಲಿ ಎಣಿಸಿರಲಿಲ್ಲ. ಆದರೂ ಕರೆದೊಯ್ದ. ಗಾಳಿ ಇಬ್ಬರ ಮುಖಕ್ಕೂ ರಪರಪ ಬಾರಿಸುತ್ತಿತ್ತು. ಕೆಳಗೆ ಅಳಿವೆಯ ನೀರು, ಅದರಾಚೆ ಮರಳ ದಿಬ್ಬಗಳು, ಅದರಾಚೆ ಕಡಲು. ಎಲ್ಲವೂ ಪಾತ್ರೆ ತೊಳೆದ ನೀರಿನ ಬಣ್ಣ.

“ನೋಡಿ ಸ್ವಾಮಿ. ನೀವೇ ಹೇಳಿ. ಯಾವ ಬಣ್ಣ?”

ಯುಫ್ರಾಸಿಯಸ್ ಕಣ್ಣು ಕಿರಿದು ಮಾಡಿಕೊಂಡು ನೋಡಿದ. ಅವನು ವರ್ದೋನ ಕೋಟೆಗೆ ಅಧಿಕಾರಿಯಾಗಿ ಬಂದು ತಿಂಗಳಾಗಿತ್ತು. ಹುಟ್ಟಿ ಬೆಳೆದದ್ದೆಲ್ಲ ದಕ್ಷಿಣದ ಬೆಚ್ಚನೆಯ ಕಡಲ ಪಕ್ಕ. ಬಂದಾಗಿನಿಂದ ಮೂಗು ಸೋರುವುದು ನಿಂತಿರಲಿಲ್ಲ.

“ಇವತ್ತು ಮೋಡ ಇದೆಯಲ್ಲ,” ಎಂದ.

“ನಾನು ಹುಟ್ಟಿದಾಗಿಂದ ಇದೆ ಸ್ವಾಮಿ.”

“ಮೋಡ ಸರಿದ ಮೇಲೆ ನೀಲಿ ಆಗತ್ತೆ.”

“ಆಗಲ್ಲ. ಬಿಸಿಲು ಬಿದ್ರೆ ಕೆಸರು ಇನ್ನೂ ಚೆನ್ನಾಗಿ ಕಾಣತ್ತೆ, ಅಷ್ಟೆ.”

ಯುಫ್ರಾಸಿಯಸ್ ಕಂಕುಳಲ್ಲಿದ್ದ ಸೈನ್ಯದ ನಿಯಮಗಳ ಸುರುಳಿಯನ್ನು ಬಿಚ್ಚಿ ಮತ್ತೆ ಓದಿದ. ಬೇಹಿನ ದೋಣಿ, ಅದರ ಹಾಯಿ, ಹಗ್ಗ, ಅದರಲ್ಲಿರುವವರ ಅಂಗಿ, ಎಲ್ಲವೂ ಕಡಲಿನ ನೀಲಿ ಬಣ್ಣದಲ್ಲಿರತಕ್ಕದ್ದು. ಶತ್ರುವಿನ ಕಣ್ಣಿಗೆ ಬೀಳದಿರಲು ಇದು ಅವಶ್ಯ. ಓದುವಾಗ ಅವನ ದನಿ ಪೂಜೆಯವರ ದನಿಯಂತಾಗುತ್ತಿತ್ತು. ಓದಿ ಮುಗಿಸಿ, ಇನ್ನೇನಿದೆ ಎಂಬಂತೆ ತಮ್ಮೋನಿಯಸ್‌ನ ಮುಖ ನೋಡಿದ.

ತಮ್ಮೋನಿಯಸ್‌ಗೆ ಮೈಯೆಲ್ಲ ಉರಿದುಹೋಯಿತು. ಆ ನಿಯಮ ಬರೆದವನು ತನ್ನ ಮನೆಯ ಕಿಟಕಿಯಿಂದ ಕಾಣುವ ಕಡಲನ್ನು ನೋಡಿ ಬರೆದಿದ್ದಾನೆ, ಅವನ ಕಡಲು ನೀಲಿ ಇದೆ, ಸಂತೋಷ. ಅದೇ ನಿಯಮವನ್ನು ತಂದು ಈ ಕೆಸರು ಕಡಲಿನಲ್ಲಿ ಹಾಕಿದರೆ, ಎಮ್ಮೆ ಹಿಂಡಿನಲ್ಲಿ ನವಿಲು ಬಿಟ್ಟಂತಾಗುತ್ತದೆ ಎಂದು ಯಾರಿಗೆ ಹೇಳುವುದು? ಬೇಹಿನ ದೋಣಿಯ ಕೆಲಸ ಹೊಡೆದಾಡುವುದಲ್ಲ. ಮರಳ ದಿಬ್ಬಗಳ ಆಚೆ ಸುಮ್ಮನೆ ಕೂತು, ಕಡಲಾಚೆಯಿಂದ ಲೂಟಿಗೆ ಬರುವ ಸ್ಯಾಕ್ಸನ್ನರ ದೋಣಿಗಳು ಬರುವುದನ್ನು ಮೊದಲು ನೋಡಿ, ಅವರು ತಮ್ಮನ್ನು ನೋಡುವ ಮುಂಚೆ ಓಡಿಬಂದು ಕೋಟೆಗೆ ತಿಳಿಸುವುದು. ಇಪ್ಪತ್ತು ಹುಟ್ಟು, ಚುಕ್ಕಾಣಿ ಹಿಡಿಯುವ ತನ್ನನ್ನು ಬಿಟ್ಟು ಇಪ್ಪತ್ತು ಜನ, ಗುರಾಣಿ ಇಡಲಿಕ್ಕೂ ಜಾಗವಿಲ್ಲದ ತೆಳ್ಳನೆಯ ದೋಣಿ. ಕಣ್ಣಿಗೆ ಬಿದ್ದರೆ ಇಪ್ಪತ್ತು ಹೆಣ. ಅದಕ್ಕೇ ಇಷ್ಟು ವರ್ಷ ದೋಣಿಗೂ ಹಾಯಿಗೂ ಅಂಗಿಗಳಿಗೂ ಕೆಸರಿನದೇ ಬಣ್ಣ. ಹಿಂದಿನ ಅಧಿಕಾರಿಗಳಾರೂ ನಿಯಮದ ಸುರುಳಿ ಬಿಚ್ಚುವ ಗೋಜಿಗೆ ಹೋಗಿರಲಿಲ್ಲ. ಇವನಿಗೆ ಓದುವ ಚಟ.

“ನಿನಗೆ ಒಪ್ಪಿಗೆ ಇಲ್ದಿದ್ರೆ ಮನವಿ ಬರಿ,” ಎಂದ ಯುಫ್ರಾಸಿಯಸ್. ಅವನು ಕೆಟ್ಟವನಲ್ಲ, ಅದೇ ದೊಡ್ಡ ಪೀಡೆ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. “ನಾನೇ ಕಳಿಸಿಕೊಡ್ತೀನಿ. ಅವರು ಹೇಗೆ ಹೇಳ್ತಾರೋ ಹಾಗೆ.”

ಅವರು ಎಂದರೆ ಯಾರು ಎಂಬುದೇ ವರ್ದೋನದಲ್ಲಿ ಯಾರಿಗೂ ಸರಿಯಾಗಿ ತಿಳಿಯದ ಸಂಗತಿ. ಮೊದಲು ಕಡಲಿನ ಎರಡೂ ದಡಕ್ಕೆ ಒಬ್ಬನೇ ದಂಡನಾಯಕನಿದ್ದ. ಆಮೇಲೆ ಯಾರೋ ಕೂತು ಯೋಚಿಸಿ, ಒಬ್ಬನ ಕೈಯಲ್ಲಿ ಇಷ್ಟು ಅಧಿಕಾರ ಒಳ್ಳೆಯದಲ್ಲವೆಂದು ಈ ದಡಕ್ಕೊಬ್ಬ, ಆ ದಡಕ್ಕೊಬ್ಬ ಎಂದು ಪಾಲು ಮಾಡಿದರು. ಪಾಲಿನಲ್ಲಿ ವರ್ದೋನದ ಗೋಡೆ ಮತ್ತು ಮನುಷ್ಯರು ಈ ದಡದವನಿಗೆ ಬಂದರು. ದೋಣಿಗಳು ಆ ದಡದಲ್ಲಿ ಕಟ್ಟಿದವಾದ್ದರಿಂದ ದೋಣಿಯ ಮರ ಮಾತ್ರ ಆ ದಡದವನ ಲೆಕ್ಕಕ್ಕೇ ಉಳಿಯಿತು. ಹೀಗೆ ತಮ್ಮೋನಿಯಸ್ ದೋಣಿಯಲ್ಲಿ ಕೂತರೆ ಅವನ ಅಂಡು ಒಬ್ಬ ದಂಡನಾಯಕನದು, ಅಂಡಿನ ಕೆಳಗಿನ ಹಲಗೆ ಇನ್ನೊಬ್ಬನದು. ಸ್ಯಾಕ್ಸನ್ನರಿಗೆ ಮಾತ್ರ ಈ ಏರ್ಪಾಡನ್ನು ಯಾರೂ ತಿಳಿಸಿರಲಿಲ್ಲ. ಅವರು ಇಡೀ ಕಡಲು ಒಂದೇ ಎಂದುಕೊಂಡು ಬರುತ್ತಿದ್ದರು.

ಮನವಿ ಎರಡೂ ಕಡೆಗೆ ಹೋಯಿತು. ನಲವತ್ತು ದಿನ ಕಳೆದ ಮೇಲೆ ಎರಡು ಕಡೆಯಿಂದಲೂ ಉತ್ತರ ಬಂತು. ಆಚೆ ದಡದ ಉತ್ತರ: ದೋಣಿಯ ಮರ ನಮ್ಮದು, ನಮ್ಮ ಅಪ್ಪಣೆಯಿಲ್ಲದೆ ಅದಕ್ಕೆ ಯಾರೂ ಬೇರೆ ಬಣ್ಣ ಮುಟ್ಟಿಸಕೂಡದು, ನಮ್ಮ ತೀರ್ಮಾನ ಮುಂದೆ ತಿಳಿಸಲಾಗುವುದು. ಈಚೆ ದಡದ ಉತ್ತರ: ಅಂಗಿಗಳು ನಿಯಮದಂತೆ ಕೂಡಲೇ ನೀಲಿಯಾಗಲಿ. ಹಾಯಿಯ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಯುಫ್ರಾಸಿಯಸ್ ಎರಡು ದಿನ ಯೋಚಿಸಿ, ಹಾಯಿ ಬಟ್ಟೆಯಿಂದಾದದ್ದು, ಬಟ್ಟೆ ಎಂದರೆ ಅಂಗಿಯ ಜಾತಿ, ಆದ್ದರಿಂದ ಅದೂ ನೀಲಿಯಾಗಬೇಕು ಎಂದು ತೀರ್ಪು ಕೊಟ್ಟ.

“ಅಂದ್ರೆ ದೋಣಿ ಕೆಸರು, ಮೇಲೆ ಕೂತೋರು ನೀಲಿ,” ಎಂದ ತಮ್ಮೋನಿಯಸ್.

“ಸದ್ಯಕ್ಕೆ ಹಾಗೆ.”

“ದೋಣಿ ಕಾಣ್ಸಲ್ಲ. ನೀರಿನ ಮೇಲೆ ಇಪ್ಪತ್ತು ಜನ ಗಾಳೀಲಿ ಕೂತಂಗೆ ಕಾಣ್ತೀವಿ.”

“ಆಚೆಯವರ ತೀರ್ಮಾನ ಬಂದ ಮೇಲೆ ಸರಿ ಹೋಗತ್ತೆ,” ಎಂದು ಯುಫ್ರಾಸಿಯಸ್ ಸಮಾಧಾನ ಹೇಳಿದ. ತಮ್ಮೋನಿಯಸ್ ಹಲ್ಲು ಕಚ್ಚಿಕೊಂಡು ಕೋಟೆಯಿಂದ ಹೊರಬಿದ್ದ.

ಅಂಗಿಗಳಿಗೆ ಬಣ್ಣ ಹಾಕುವವಳು ಅವನ ತಂಗಿ ವೆರೆಕುಂದ. ಕೋಟೆಯ ಹಿಂಬದಿಯ ಕೇರಿಯಲ್ಲಿ, ಗಾಳಿಗೆ ಮರೆಯಾಗಿ ಅವಳ ಬಾನಿಗಳಿದ್ದವು. ಕೆಸರು ಬಣ್ಣಕ್ಕೆ ಮರದ ತೊಗಟೆ, ಜೌಗಿನ ತುಕ್ಕುನೀರು ಸಾಕಾಗುತ್ತಿತ್ತು. ನೀಲಿಗೆ ಬೇರೆಯೇ ರಗಳೆ. ನೀಲಿಯ ಸೊಪ್ಪನ್ನು ಅರೆದು, ಉಂಡೆ ಕಟ್ಟಿ, ಹಳಸಿದ ಉಚ್ಚೆಯಲ್ಲಿ ದಿನಗಟ್ಟಲೆ ಕೊಳೆಹಾಕಬೇಕು. ದೋಣಿಯವರೆಲ್ಲ ಬೆಳಗ್ಗೆ ಸಾಲಾಗಿ ಬಂದು ಬಾನಿಗೆ ತಮ್ಮ ಪಾಲು ಸಲ್ಲಿಸಿ ಹೋಗುತ್ತಿದ್ದರು. ಇಡೀ ಕೇರಿ ಮೂಗು ಮುಚ್ಚಿಕೊಂಡು ಓಡಾಡುತ್ತಿತ್ತು.

“ನಿನ್ನ ಅಧಿಕಾರೀನೂ ಬಂದು ಉಯ್ಯೋಕೆ ಹೇಳು,” ಎಂದಳು ವೆರೆಕುಂದ, ಮೊಣಕೈವರೆಗೂ ನೀಲಿಯಾಗಿದ್ದ ತೋಳನ್ನು ಒರೆಸಿಕೊಳ್ಳುತ್ತ. “ಅವನದ್ದೇ ಆಸೆಯಲ್ವಾ ಇದು?”

“ಅವನು ಅದಕ್ಕೂ ನಿಯಮ ಇದೆಯಾ ಅಂತ ಸುರುಳಿ ಬಿಚ್ತಾನೆ,” ಎಂದ ಅವಳ ಗಂಡ ಡೊಕ್ಕ. ಡೊಕ್ಕ ಮೂರನೆಯ ಹುಟ್ಟಿನವನು. ತಮ್ಮೋನಿಯಸ್‌ನ ಜೊತೆ ಮಣ್ಣಾಡಿ ಬೆಳೆದವನು, ಜೊತೆಗೇ ಸೈನ್ಯಕ್ಕೆ ಸೇರಿದವನು, ಕೊನೆಗೆ ತಂಗಿಯನ್ನೂ ಕಟ್ಟಿಕೊಂಡವನು. ನಗದೆ ಒಂದು ಮಾತಾಡಿದವನಲ್ಲ.

ವೆರೆಕುಂದ ನಗಲಿಲ್ಲ. ಬಾನಿಯಿಂದ ಒಂದು ಅಂಗಿಯನ್ನು ಕೋಲಿನಲ್ಲಿ ಎತ್ತಿ ಹಿಡಿದಳು. ಗಾಳಿ ತಾಗಿದಂತೆ ಹಸಿರು ಬಣ್ಣ ಹೋಗಿ ನೀಲಿ ಏರಿತು. ನೋಡಲು ಬಹಳ ಚೆನ್ನಾಗಿತ್ತು. ಹಬ್ಬಕ್ಕೆ ಹಾಕಿಕೊಂಡು ಹೋಗಬಹುದಾದಷ್ಟು.

“ಅಣ್ಣ, ಇದನ್ನ ಹಾಕ್ಕೊಂಡು ಇವರು ದಿಬ್ಬದಾಚೆ ಹೋಗ್ಬಾರದು. ಹೇಳಿದೀನಿ. ಬಂದರು ಕಟ್ಟೆ ಮೇಲೆ ನಿಂತೋರ ಮುಖ ಇಲ್ಲಿಂದ ನನಗೆ ಕಾಣಲ್ಲ, ಅವರು ಹಾಕ್ಕೊಂಡ್ರೆ ಇದು ಕಾಣತ್ತೆ. ಏನಾದ್ರೂ ಮಾಡು.”

“ಮಾಡ್ತೀನಿ.”

“ಮನವಿ ಬರೀತೀನಿ ಅನ್ಬೇಡ.”

“ಇಲ್ಲ ಕಣೆ. ಮಾಡ್ತೀನಿ ಅಂದ್ನಲ್ಲ.”

ಅವನು ಮಾಡಿದ್ದಿಷ್ಟು. ಕೋಟೆಯಿಂದ ಹೊರಡುವಾಗ ಇಪ್ಪತ್ತೂ ಜನ ನೀಲಿ ಅಂಗಿ ಹಾಕಿಕೊಂಡು, ನೀಲಿ ಹಾಯಿ ಏರಿಸಿಕೊಂಡು, ಗೋಡೆಯ ಮೇಲೆ ನಿಂತ ಯುಫ್ರಾಸಿಯಸ್‌ಗೆ ಕಾಣುವಂತೆ ಠೀವಿಯಿಂದ ಹೊರಟರು. ಅಳಿವೆಯ ತಿರುವು ದಾಟಿದ ಕೂಡಲೆ ತಮ್ಮೋನಿಯಸ್ ಹಾಯಿ ಇಳಿಸಿ ಸುತ್ತಿಡಿಸಿದ. “ಬಿಚ್ರೋ ಅಂಗೀನ,” ಎಂದ. ಹಳೆಯ ಕೆಸರು ಅಂಗಿಗಳನ್ನು ಉಗ್ರಾಣದವರು ವಾಪಸು ತೆಗೆದುಕೊಂಡಿದ್ದರು. ಎಲ್ಲರೂ ಬಿಚ್ಚಿ, ಮಡಿಸಿ, ಹಲಗೆಯ ಕೆಳಗೆ ತುರುಕಿ ಬರಿಮೈಯಲ್ಲಿ ಹುಟ್ಟು ಹಾಕಿದರು. ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಹುಟ್ಟು ಹಾಕುವಾಗ ಮೈ ಬೆವರುತ್ತಿತ್ತು, ದಿಬ್ಬದಾಚೆ ಅಲುಗದೆ ಕೂರುವಾಗ ಆ ಬೆವರೇ ಮಂಜುಗಡ್ಡೆಯಾಗುತ್ತಿತ್ತು.

“ಭಾವ, ನನ್ನ ಮೊಲೆ ತೊಟ್ಟು ಉದುರಿ ನೀರಿಗೆ ಬಿತ್ತು,” ಎಂದ ಡೊಕ್ಕ ಮೊದಲ ದಿನ. “ಅದಕ್ಕೂ ಮನವಿ ಬರೀಬೇಕಾ?”

“ಬರಿ. ಎಡಗಡೇದು ಈಚೆ ದಡಕ್ಕೆ, ಬಲಗಡೇದು ಆಚೆ ದಡಕ್ಕೆ.”

ಎಲ್ಲರೂ ನಕ್ಕರು. ತಮ್ಮೋನಿಯಸ್‌ಗೂ ಒಳಗೊಳಗೇ ಖುಷಿಯಾಗಿತ್ತು. ನೀಲಿ ಅಂಗಿಯನ್ನು ಮೈಗೆ ಸೋಕಿಸದೆ ಕಡಲ ಮೇಲೆ ಕೂತಿದ್ದೇವೆ, ಆ ಸುರುಳಿಯವನಿಗೆ ಗೊತ್ತೂ ಇಲ್ಲ ಎಂಬ ಖುಷಿ. ಹತ್ತು ದಿನ ಹೀಗೇ ನಡೆಯಿತು. ಹತ್ತನೆಯ ದಿನದ ಹೊತ್ತಿಗೆ ಡೊಕ್ಕನಿಗೆ ಕೆಮ್ಮು ಹತ್ತಿತು.

ಗುಟ್ಟು ಒಡೆದದ್ದು ಉಗ್ರಾಣದ ಸೆನಿಲಿಸ್‌ನಿಂದ. ಅವನು ದೋಣಿಯವರ ಅಂಗಿಗಳನ್ನು ಎಣಿಸಿ ತೆಗೆದುಕೊಳ್ಳುವಾಗ, ಇಡೀ ದಿನ ಕಡಲಿನಲ್ಲಿದ್ದು ಬಂದ ಅಂಗಿಗಳು ಬೆವರಿಲ್ಲದೆ, ಉಪ್ಪಿಲ್ಲದೆ, ಮಡಿಕೆ ಕೂಡ ಮುರಿಯದೆ ಇರುವುದನ್ನು ಕಂಡ. ಕಂಡವನು ಸುಮ್ಮನಿದ್ದಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಹೋಗಿ ಹೇಳಿದ.

ಯುಫ್ರಾಸಿಯಸ್ ಕೂಗಾಡಲಿಲ್ಲ. ತಮ್ಮೋನಿಯಸ್‌ನನ್ನು ಕರೆಸಿ, ಕೂರಲು ಹೇಳಿ, ಬಿಸಿ ಮಾಡಿದ ಹುಳಿ ದ್ರಾಕ್ಷಾರಸ ಕೊಟ್ಟ. “ನಿನ್ನವರು ಚಳೀಲಿ ಸಾಯ್ತಾರೆ,” ಎಂದ.

“ನೀಲಿ ಹಾಕ್ಕೊಂಡ್ರೆ ಬಾಣ ತಿಂದು ಸಾಯ್ತಾರೆ.”

“ನೀನು ಒಂದು ಸಲಾನೂ ಹಾಕಿ ನೋಡಿಲ್ಲ. ಕಾಣತ್ತೆ ಅಂತ ಹೇಗೆ ಗೊತ್ತು?”

“ಸ್ವಾಮಿ, ಬೆಂಕಿ ಸುಡತ್ತೆ ಅಂತಾನೂ ಕೈ ಇಟ್ಟು ನೋಡಿಲ್ಲ ನಾನು.”

“ನಾಳೆ ನಾನೂ ಬರ್ತೀನಿ,” ಎಂದ ಯುಫ್ರಾಸಿಯಸ್. “ಅಂಗಿ ಹಾಕ್ಕೊಂಡೇ ಹೋಗೋಣ. ನಾನೂ ನೀಲೀನೇ ಹಾಕ್ಕೋತೀನಿ. ಆಪತ್ತು ಬಂದ್ರೆ ನನಗೂ ಬರಲಿ.”

ಧೈರ್ಯ ಬೇರೆ ಇದೆ ಈ ಮನುಷ್ಯನಿಗೆ. ತಮ್ಮೋನಿಯಸ್ ದ್ರಾಕ್ಷಾರಸವನ್ನು ಗಟಗಟ ಕುಡಿದು ಎದ್ದುಬಂದ. ಬರಲಿ, ನೋಡಲಿ, ತನ್ನ ಕಣ್ಣಿಂದಲೇ ನೋಡಲಿ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡ. ಸ್ಯಾಕ್ಸನ್ನರು ನಾಳೆಯೇ ಬಂದರೂ ಚಿಂತೆಯಿಲ್ಲ ಎನ್ನುವಷ್ಟು ಅವನ ಪಿತ್ತ ಕೆರಳಿತ್ತು.

ಬೆಳಗ್ಗೆ ಡೊಕ್ಕನ ಮೈ ಮುಟ್ಟಿದರೆ ಬಿಸಿ ತಾಗುತ್ತಿತ್ತು. “ನೀನು ಮನೇಲಿರು,” ಎಂದ ತಮ್ಮೋನಿಯಸ್.

“ಮೂರನೇ ಹುಟ್ಟಿಗೆ ಯಾರನ್ನ ಕೂರಿಸ್ತೀಯಾ? ಸೆನಿಲಿಸ್‌ನ? ಅವನು ಹುಟ್ಟನ್ನೂ ಎಣಿಸಿ ಒಳಗಿಡ್ತಾನೆ.” ಡೊಕ್ಕ ಕೆಮ್ಮಿ, ಕೆಮ್ಮಿನ ಮಧ್ಯೆಯೇ ನಕ್ಕು, ಬಂದು ಕೂತ. ಇವತ್ತು ಅಂಗಿ ಇರುತ್ತದೆ, ಬೆಚ್ಚಗಿರುತ್ತಾನೆ ಎಂದುಕೊಂಡು ತಮ್ಮೋನಿಯಸ್ ಸುಮ್ಮನಾದ.

ದಿಬ್ಬದಾಚೆ ಮಧ್ಯಾಹ್ನದವರೆಗೂ ಏನೂ ಇರಲಿಲ್ಲ. ಯುಫ್ರಾಸಿಯಸ್ ಒಣ ರೊಟ್ಟಿ ಕಡಿಯುತ್ತ, ಎರಡು ಸಲ ವಾಂತಿ ಮಾಡಿಕೊಂಡು, ಮತ್ತೆ ರೊಟ್ಟಿ ಕಡಿಯುತ್ತ, ಯಾವುದಕ್ಕೂ ದೂರದೆ ಕೂತಿದ್ದ. ಆಮೇಲೆ ಮೋಡ ಹರಿಯಿತು, ಸ್ವಲ್ಪ ಬಿಸಿಲು ಬಿತ್ತು. ಕಡಲು ಇನ್ನಷ್ಟು ಕೆಸರಾಗಿ ಹೊಳೆಯಿತು.

“ನೋಡಿದ್ರಾ?” ಎಂದ ತಮ್ಮೋನಿಯಸ್.

ಅಷ್ಟರಲ್ಲಿ ಮುಂದಿನ ಹುಟ್ಟಿನವನು ಕೈ ಎತ್ತಿದ. ಈಶಾನ್ಯದಲ್ಲಿ ನಾಲ್ಕು ಗೆರೆಗಳು. ಉದ್ದನೆಯ ದೋಣಿಗಳು, ಹಾಯಿಯಿಲ್ಲದೆ ಹುಟ್ಟಿನಲ್ಲೇ ಬರುತ್ತಿದ್ದವು. ಒಂದು ಹರಿದಾರಿ ದೂರ ಇರಬಹುದು. ಬೇರೆ ದಿನವಾಗಿದ್ದರೆ ಅವರು ಯಾವ ಕಡೆ ತಿರುಗುತ್ತಾರೆ ಎಂದು ನಿಧಾನವಾಗಿ ನೋಡಿಕೊಂಡು ಹೊರಡಲು ಬೇಕಾದಷ್ಟು ಹೊತ್ತಿತ್ತು. ಅವು ದಡದ ದಿಕ್ಕಿಗೆ ಬರುತ್ತಿದ್ದವು. ನೋಡನೋಡುತ್ತಿದ್ದಂತೆ ನಾಲ್ಕೂ ಇವರ ಕಡೆಗೇ ಮೂತಿ ತಿರುಗಿಸಿದವು.

“ನಮ್ಮನ್ನ ನೋಡಿದ್ರು.”

“ಗಾಳಿಗೆ ತಿರುಗಿಸಿರಬಹುದು,” ಎಂದ ಯುಫ್ರಾಸಿಯಸ್.

“ಹಾಯೇ ಇಲ್ಲ ಸ್ವಾಮಿ ಅವರ ಹತ್ರ! ಯಾವ ಗಾಳಿಗೆ?” ತಮ್ಮೋನಿಯಸ್‌ಗೆ ಗಂಟಲು ಹರಿದುಹೋಗುವಂತೆ ಕೂಗಬೇಕೆನಿಸಿತು. “ಹಾಕ್ರೋ! ಹಾಕ್ರೋ ಹುಟ್ಟು!”

ಇಪ್ಪತ್ತು ಹುಟ್ಟುಗಳು ಒಟ್ಟಿಗೆ ಬಿದ್ದವು. ಇಳಿತ ಶುರುವಾಗಿತ್ತು, ಅಳಿವೆಯ ನೀರೆಲ್ಲ ಅವರಿಗೆ ಎದುರಾಗಿ ಹೊರಗೆ ಹರಿಯುತ್ತಿತ್ತು. ಸ್ಯಾಕ್ಸನ್ನರದು ಒಂದೊಂದು ದೋಣಿಗೆ ಮೂವತ್ತು ಹುಟ್ಟು. ಅರ್ಧ ದಾರಿಯೊಳಗೆ ಅವರ ತಲೆಗಳು ಬೇರೆ ಬೇರೆಯಾಗಿ ಕಾಣತೊಡಗಿದವು. ಮೊದಲ ಬಾಣ ಹಿಂದೆ ಬಿತ್ತು. ಎರಡನೆಯದು ಹಲಗೆಗೆ ನಾಟಿತು. ಯುಫ್ರಾಸಿಯಸ್ ಅದನ್ನೇ ನೋಡಿದ. ಅವನ ಮುಖದಲ್ಲಿ ಹೆದರಿಕೆಗಿಂತ ಬೇಸರ ಹೆಚ್ಚಾಗಿತ್ತು, ಪಾಠ ಒಪ್ಪಿಸುವಾಗ ತಪ್ಪು ಹಿಡಿಸಿಕೊಂಡವನ ಹಾಗೆ.

ಕೋಟೆ ಮುಟ್ಟುವುದು ಆಗದ ಮಾತು. ತಮ್ಮೋನಿಯಸ್ ಚುಕ್ಕಾಣಿಯನ್ನು ಒತ್ತಿ, ದಿಬ್ಬದ ಸಂದಿಯೊಳಗೆ ನುಗ್ಗಿಸಿದ. ತಳ ಕರಕರ ಎಂದು ಉಜ್ಜಿತು, ಆದರೆ ದಾಟಿತು. ಒಳಗೆ ಕೆಸರು ಬಯಲಿನ ನಡುವೆ ಹಾವಿನಂತೆ ಸುಳಿದು ಹೋಗುವ ಕಾಲುವೆಗಳು, ಒಂದಕ್ಕೊಂದು ಹೋಲುವಂಥವು. ಮೂರನೆಯ ತಿರುವಿನಲ್ಲಿ ದೋಣಿ ಕೆಸರಿಗೆ ತಾಗಿ ನಿಂತಿತು. ಮುಂದೆ ನೀರಿಲ್ಲ. ಹಿಂದೆ ಹುಟ್ಟುಗಳ ಸದ್ದು.

“ಹಾಯಿಕಂಬ ಇಳಿಸ್ರೋ. ಎಲ್ಲಾ ಕೆಸರಿಗೆ ಬೀಳಿ. ಹೊರಳಾಡಿ!”

“ಅಂಗಿ ಸಮೇತಾನಾ?” ಎಂದು ಯಾರೋ ಕೇಳಿದರು. ಇಷ್ಟು ದಿನದ ಹೆದರಿಕೆ ಅಷ್ಟು ಬೇಗ ಬಿಡುತ್ತದೆಯೇ? ಕೇಳಿದ ಪುಣ್ಯಾತ್ಮ, ಯುಫ್ರಾಸಿಯಸ್‌ನ ಮುಖ ನೋಡಿದ.

ಯುಫ್ರಾಸಿಯಸ್ ಒಂದು ಕ್ಷಣ ನಿಂತ. ಆಮೇಲೆ ಅಂಚಿನಿಂದ ಹಾರಿ, ಎದೆಯ ಮೇಲೆ ದೊಪ್ಪನೆ ಕೆಸರಿಗೆ ಬಿದ್ದು, ಹಂದಿಮರಿಯಂತೆ ಹೊರಳಿದ. ಅವನ ಹಿಂದೆಯೇ ಎಲ್ಲರೂ ಬಿದ್ದರು. ನೀಲಿ ಹಾಯಿಯನ್ನು ಕೆಸರೊಳಗೆ ತುಳಿದರು. ಒಬ್ಬರ ಬೆನ್ನಿಗೆ ಒಬ್ಬರು ಬಾಚಿ ಬಾಚಿ ಮೆತ್ತಿದರು. ಕೆಲವೇ ಕ್ಷಣದಲ್ಲಿ ಅಲ್ಲಿ ನೀಲಿ ಎಂಬುದೇ ಇರಲಿಲ್ಲ. ಬಯಲಿನ ಉಬ್ಬುತಗ್ಗುಗಳ ನಡುವೆ ಇನ್ನೊಂದಿಷ್ಟು ಉಬ್ಬುಗಳು ಮಲಗಿದ್ದವು.

ಸ್ಯಾಕ್ಸನ್ನರ ಎರಡು ದೋಣಿಗಳು ಕಾಲುವೆಯ ಬಾಯಿಗೆ ಬಂದು ನಿಂತವು. ನೂರು ಹೆಜ್ಜೆ ಇರಬಹುದು. ಒಬ್ಬ ಎದ್ದುನಿಂತು ಹಣೆಗೆ ಕೈ ಹಚ್ಚಿ ನೋಡಿದ. ಅವನು ನೀಲಿಯನ್ನು ಹುಡುಕುತ್ತಿದ್ದ.

ಆಗ ತಮ್ಮೋನಿಯಸ್‌ನ ಪಕ್ಕದಲ್ಲಿ ಮಲಗಿದ್ದ ಡೊಕ್ಕನಿಗೆ ಕೆಮ್ಮು ಬಂತು. ಬರುವುದು ಮೊದಲು ಬೆನ್ನಿನಲ್ಲಿ ಗೊತ್ತಾಯಿತು. ತಮ್ಮೋನಿಯಸ್ ಅವನ ಬೆನ್ನ ಮೇಲೆ ಕೈಯಿಟ್ಟು ಒತ್ತಿಹಿಡಿದ. ಡೊಕ್ಕ ತೋಳಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು, ಮುಖವನ್ನು ಕೆಸರಿಗೆ ಅದುಮಿದ. ಕೈಯ ಕೆಳಗೆ ಇಡೀ ಮೈ ಅದುರುತ್ತಿತ್ತು, ಒಳಗೇ ಒಡೆಯುತ್ತಿತ್ತು, ಸದ್ದು ಮಾತ್ರ ಹೊರಡಲಿಲ್ಲ. ಬಿಟ್ಟುಬಿಡಬೇಕು, ಉಸಿರಾಡಲಿ ಎಂದು ತಮ್ಮೋನಿಯಸ್‌ನ ಮನಸ್ಸು ಬಡಿದುಕೊಳ್ಳುತ್ತಿತ್ತು. ಕೈ ಬಿಡಲಿಲ್ಲ. ಅವನ ದೋಣಿಯ ಇನ್ನೂ ಹತ್ತೊಂಬತ್ತು ಜನ ಅಲ್ಲಿದ್ದರು. ಸ್ಯಾಕ್ಸನ್ ಮತ್ತೊಮ್ಮೆ ನೋಡಿ, ಏನೋ ಹೇಳಿ, ಕೂತ. ದೋಣಿಗಳು ಹಿಂದೆ ಸರಿದು ಮುಂದಿನ ಕಾಲುವೆಯ ಕಡೆ ಹೋದವು.

ಡೊಕ್ಕನನ್ನು ಮಗುಚಿ ಹಾಕಿದಾಗ ಅವನ ಬಾಯಿಂದ ಕೆಸರೂ ರಕ್ತವೂ ಬಂದವು. ಉಸಿರಿತ್ತು. ಕಣ್ಣು ಬಿಟ್ಟು, ಗುರುತೇ ಸಿಗದಂತಾಗಿದ್ದ ಯುಫ್ರಾಸಿಯಸ್‌ನನ್ನು ನೋಡಿದ. “ಸ್ವಾಮಿ... ಈಗ ನೀವು ನಮ್ಮೂರವ್ರ ಥರ ಕಾಣ್ತೀರಿ,” ಎಂದ.

ಒಬ್ಬ ಕೆಸರು ಬಯಲಿನ ಮೇಲೆ ಬಿದ್ದೆದ್ದು ಓಡಿ ಬುರುಜಿಗೆ ಸುದ್ದಿ ಮುಟ್ಟಿಸಿದ. ಅಲ್ಲಿಂದ ಎಚ್ಚರಿಕೆಯ ಹೊಗೆ ಎದ್ದಿತು. ಹೊಗೆ ಕಂಡ ಸ್ಯಾಕ್ಸನ್ನರು ಕಾಲುವೆಗಳನ್ನು ಬಿಟ್ಟು ಕಡಲಿಗೆ ತಿರುಗಿದರು. ಸಂಜೆ ಭರತ ಏರಿದ ಮೇಲೆ ದೋಣಿ ಕೋಟೆ ಸೇರಿತು. ಬಾಣ ಯಾರಿಗೂ ತಾಗಿರಲಿಲ್ಲ. ಉಗ್ರಾಣದ ಸೆನಿಲಿಸ್ ಅಂಗಿಗಳನ್ನು ಎಣಿಸಲು ಬಂದು, ತಮ್ಮೋನಿಯಸ್‌ನ ಮುಖ ನೋಡಿ, ಎಣಿಸದೆ ಒಳಗೆ ಹೋದ.

ಡೊಕ್ಕ ಒಂಬತ್ತು ದಿನ ಬದುಕಿದ್ದ. ಎದೆಗೆ ಕಫ ಕಟ್ಟಿ, ಜ್ವರ ಇಳಿಯಲೇ ಇಲ್ಲ. ವೆರೆಕುಂದ ಬಾನಿಗಳ ಕೆಳಗಿನ ಬೆಂಕಿ ಆರಿಸಿ ಅವನ ಪಕ್ಕ ಕೂತಳು. ಯುಫ್ರಾಸಿಯಸ್ ತನ್ನ ಊರಿನಿಂದ ತಂದಿದ್ದ ಜೇನುತುಪ್ಪದ ಕುಡಿಕೆಯನ್ನು ಕಳಿಸಿದ. ಎರಡು ಚಮಚ ಒಳಗೆ ಹೋಯಿತು, ಅಷ್ಟೆ. ಒಂಬತ್ತನೆಯ ದಿನ ಬೆಳಗ್ಗೆ ಡೊಕ್ಕ ಏನೋ ತಮಾಷೆ ಹೇಳಲು ಹೊರಟವನು ಮುಗಿಸಲಿಲ್ಲ. ಏನು ಹೇಳುತ್ತಿದ್ದ ಎಂದು ಯಾರಿಗೂ ಗೊತ್ತಾಗಲಿಲ್ಲ.

ಮಣ್ಣು ಮಾಡಿದ ಎರಡು ದಿನಕ್ಕೆ ಯುಫ್ರಾಸಿಯಸ್ ವೆರೆಕುಂದಳ ಮನೆಗೆ ಬಂದ. ತಮ್ಮೋನಿಯಸ್ ಅಲ್ಲೇ ಇದ್ದ. ಅಧಿಕಾರಿ ಬಾಗಿಲಲ್ಲಿ ಬಗ್ಗಿ ಒಳಬಂದು, ಕೂರಿ ಎಂದರೂ ಕೂರದೆ ನಿಂತ. ಕಣ್ಣು ಕೆಂಪಾಗಿದ್ದವು. ನಿದ್ದೆ ಮಾಡಿದವನಂತೆ ಕಾಣಲಿಲ್ಲ.

“ನಿನ್ನ ಮಾತೇ ಸರಿ ತಮ್ಮೋನಿಯಸ್. ನಾನು ಕಣ್ಣಾರೆ ನೋಡಿದೆ. ಎರಡೂ ದಡಕ್ಕೆ ಹಾಗೇ ಬರೆದಿದೀನಿ.”

ಇಷ್ಟು ದಿನ ಕಾಯುತ್ತಿದ್ದ ಮಾತು. ಕಿವಿಗೆ ಬಿದ್ದಾಗ ತಮ್ಮೋನಿಯಸ್‌ಗೆ ಏನೂ ಅನ್ನಿಸಲಿಲ್ಲ.

“ಬಣ್ಣ ಬದಲಾಯಿಸೋ ಅಧಿಕಾರ ನನಗಿಲ್ಲ,” ಎಂದು ಯುಫ್ರಾಸಿಯಸ್ ಮುಂದುವರಿಸಿದ. “ಆದ್ರೆ ನಿಯಮ ಪೂರ್ತಿ ಮತ್ತೆ ಓದಿದೆ. ನೀಲಿ ಬಣ್ಣ ಹಾಕ್ಬೇಕು ಅಂತಿದೆ. ಹಾಕಿದ ಮೇಲೆ ಕೆಸರು ಮೆತ್ತಬಾರದು ಅಂತ ಎಲ್ಲೂ ಇಲ್ಲ. ಒಗೀಲೇಬೇಕು ಅಂತಾನೂ ಇಲ್ಲ. ಇವತ್ತಿಂದ ದೋಣಿಯವರು ಅಂಗೀನ ಕೆಸರಲ್ಲಿ ಹೊರಳಿಸಿ ಹಾಕ್ಕೊಳ್ಳಲಿ. ಹಾಯೀನೂ ಅಷ್ಟೆ. ಯಾರೂ ಕೇಳಲ್ಲ. ನಾನು ಬರೆದುಕೊಡ್ತೀನಿ.”

ವೆರೆಕುಂದ ಒಲೆಯ ಮುಂದಿನಿಂದ ತಲೆಯೆತ್ತಿದಳು. ಅವಳ ತೋಳಿನ ನೀಲಿ ಇನ್ನೂ ಹೋಗಿರಲಿಲ್ಲ.

“ಇದಕ್ಕೆ ಆಚೆ ದಡದವರ ಅಪ್ಪಣೆ ಬೇಕಾಗಿತ್ತಾ?”

“ಇಲ್ಲಮ್ಮ.”

“ಈಚೆ ದಡದವರದ್ದು?”

“ಇಲ್ಲ.”

“ಅಂದ್ರೆ ಮೊದಲನೇ ದಿನಾನೇ ಹೇಳಬಹುದಾಗಿತ್ತು.”

ಯುಫ್ರಾಸಿಯಸ್ ಬಾಯಿ ತೆರೆದ, ಮುಚ್ಚಿದ. ಆ ಮನುಷ್ಯನ ಬಾಯಿ ಕಟ್ಟಿಹೋಗುವುದನ್ನು ನೋಡಬೇಕೆಂದು ತಮ್ಮೋನಿಯಸ್ ಎರಡು ತಿಂಗಳಿಂದ ಆಸೆಪಟ್ಟಿದ್ದ. ಈಗ ಅವನ ಕಡೆ ನೋಡಲಾಗದೆ ಮುಖ ತಿರುಗಿಸಿದ. ತಿರುಗಿಸಿದರೆ ಅಲ್ಲಿ ತಂಗಿಯ ಕಣ್ಣುಗಳು ಅವನನ್ನೇ ನೋಡುತ್ತಿದ್ದವು.

“ನೀನೇನು ಕಡಿಮೆ ಅಣ್ಣ? ಇವರಾದ್ರೂ ಹೊರಗಿನೋರು. ಕೆಸರಲ್ಲೇ ಹುಟ್ಟಿ ಕೆಸರಲ್ಲೇ ಬೆಳೆದೋನು ನೀನು. ಅಂಗಿ ಬಿಚ್ಚಿಸೋಕೆ ಹೊಳೀತು, ಅದರ ಮೇಲೆ ಒಂದು ಹಿಡಿ ಕೆಸರು ಬಳಿಯೋಕೆ ಹೊಳೀಲಿಲ್ಲ.”

“ಸೆನಿಲಿಸ್ ನೋಡಿದ್ರೆ...” ಎಂದ ತಮ್ಮೋನಿಯಸ್.

“ಸೆನಿಲಿಸ್ ಅಲ್ಲ. ಕೆಸರು ಬಳ್ಕೊಂಡ್ರೆ ಒಳಗೆ ನೀಲಿ ಅಂಗಿ ಇರ್ತಿತ್ತು. ಅದನ್ನ ಹಾಕ್ಕೊಂಡಂಗೇ ಆಗ್ತಿತ್ತು. ಇವರು ಗೆದ್ದಂಗೆ ಆಗ್ತಿತ್ತು. ಅದು ಆಗ್ಲಿಲ್ಲ ನಿನ್ನ ಕೈಲಿ.” ಅವಳ ದನಿ ಏರಲಿಲ್ಲ. “ನೀವಿಬ್ಬರೂ ಯಾರು ಸರಿ ಅಂತ ನೋಡ್ತಾ ಕೂತ್ರಿ. ಅವನು ಹೋದ.”

ತಮ್ಮೋನಿಯಸ್ ಕೋಪ ಬರಲೆಂದು ಕಾದ. ಎರಡು ತಿಂಗಳಿಂದ ಕರೆಯದೆಯೂ ಬರುತ್ತಿದ್ದ ಕೋಪ ಈಗ ಬರಲಿಲ್ಲ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂದು ಅವನಿಗೆ ಗೊತ್ತಿತ್ತು. ಅಳಿವೆಯ ತಿರುವಿನಲ್ಲಿ ಬರಿಮೈಯಲ್ಲಿ ಕೂತು ಒಳಗೊಳಗೇ ಪಟ್ಟ ಖುಷಿ ನೆನಪಾಯಿತು.

ಯುಫ್ರಾಸಿಯಸ್ ಹೇಳದೆ ಕೇಳದೆ ಹೊರಗೆ ಹೋದ. ಆಮೇಲೆ ತಮ್ಮೋನಿಯಸ್ ಎದ್ದ. ಕೋಟೆಗೆ ಹೋಗಿ, ಉಗ್ರಾಣದಿಂದ ದೋಣಿಯವರ ಒಗೆದಿಟ್ಟ ಅಂಗಿಗಳನ್ನು ಹೊರೆ ಕಟ್ಟಿ ಹೊತ್ತುಕೊಂಡು ಅಳಿವೆಯ ದಂಡೆಗೆ ಇಳಿದ. ಮಂಡಿಯೂರಿ ಕೂತು ಒಂದೊಂದನ್ನೇ ಕೆಸರಿನಲ್ಲಿ ಅದ್ದಿ, ತಿಕ್ಕಿ, ಹೊರಳಿಸಿ, ಹುಲ್ಲಿನ ಮೇಲೆ ಹರವಿದ. ಒಂದು ಅಂಗಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಭರತ ಏರುವ ಮುಂಚೆ ಹತ್ತೊಂಬತ್ತೂ ಮುಗಿದವು.